ಮುಬಶ್ಶಿರಾಳ ಕಾಗುಣಿತ

ತೆರಕಣಾಂಬಿಯ ಮಾದಣ್ಣನ ಗೊಬ್ಬರದಂಗಡಿಯ ಕಂಪ್ಯೂಟರಿನಲ್ಲಿ ‘ದಾಸ್ಥಾನು’ ಎಂಬ ಪದ ಕಂಡು ಮುಬಶ್ಶಿರಾ ಹಾಗೇ ನಿಂತುಬಿಟ್ಟಳು. ‘ಸ್ತಾ’ ಬರೆಯಬೇಕಾದಲ್ಲಿ ‘ಸ್ಥಾ’ ಬರೆದ ಆ ತಪ್ಪು ಅವಳದೇ. ಯಾರು ಬೇಕಾದರೂ ಬಳಸಬಹುದಾದ, ಹಂಚಬಹುದಾದ ಲೆಕ್ಕದ ಸಾಫ್ಟ್‌ವೇರೊಂದನ್ನು ಸಣ್ಣ ಅಂಗಡಿಯವರಿಗೆಂದು ಎರಡು ವರ್ಷ ಕೂತು ಕನ್ನಡಕ್ಕೆ ತಂದವಳು ಅವಳು. ಅದರ ಸಿ.ಡಿ.ಯನ್ನು ಮೊದಲು ಕೊಟ್ಟದ್ದು ಚಾಮರಾಜನಗರದ ಕಂಪ್ಯೂಟರ್ ಸೆಂಟರಿನಲ್ಲಿ ತನ್ನ ಜೊತೆ ಪಾಠ ಹೇಳುವ ಶಿವರಾಮುವಿಗೆ. ಈಗ ಪರದೆಯ ನೆತ್ತಿಯ ಮೇಲೆ ‘ಶಿವರಾಮು ಸಾಫ್ಟ್‌ವೇರ್’ ಎಂದಿತ್ತು.

“ಶಿವರಾಮಣ್ಣ ತಾನೇ ಮಾಡಿದ್ದಂತೆ ಕಣವ್ವ. ವರ್ಸವರ್ಸ ದುಡ್ಡು ಕಟ್ನಿಲ್ಲ ಅಂದ್ರೆ ಲಾಕಾಯ್ತದಂತೆ,” ಎಂದ ಮಾದಣ್ಣ.

ಅವಳು ಅಲ್ಲಿಂದಲೇ ಫೋನ್ ಮಾಡಿದಳು. ಶಿವರಾಮು ಅಲ್ಲಗಳೆಯಲಿಲ್ಲ. “ಪುಕ್ಕಟೆ ಅಂದ್ರೆ ಯಾರೂ ನಂಬಲ್ಲ. ಅದೂ ನಿನ್ ಹೆಸ್ರಿದ್ದಿದ್ರೆ ಈ ಕಡೆ ಯಾರ್ ತಗೋತಿದ್ರು ಹೇಳು?”

ಆರು ವರ್ಷ ಒಂದೇ ಮೇಜಿನಲ್ಲಿ ಬುತ್ತಿ ಹಂಚಿಕೊಂಡವನ ದನಿ ಅದು. ಅವಳು ಫೋನಿಟ್ಟಳು. ಅಂಗಡಿಗಳಿಗೆ ಹಂಚಲೆಂದು ತಂದಿದ್ದ ಹೊಸ ಸಿ.ಡಿ.ಯೊಂದನ್ನು ಬ್ಯಾಗಿನಿಂದ ತೆಗೆದು, ಅದರ ಮೇಲೆ ತನ್ನ ಪೂರ್ತಿ ಹೆಸರು ಬರೆದು ಮಾದಣ್ಣನ ಮುಂದಿಟ್ಟಳು. “ಅದನ್ನ ಕನ್ನಡಕ್ಕೆ ತಂದಿದ್ದು ನಾನು. ಇದೂ ಅದೇ. ಇದಕ್ಕೆ ದುಡ್ಡೂ ಇಲ್ಲ, ಲಾಕೂ ಇಲ್ಲ. ಹಾಕ್ಕೊಡ್ಲಾ ಮಾದಣ್ಣ?”

ಮಾದಣ್ಣ ಹೆಸರನ್ನು ನಿಧಾನವಾಗಿ ಓದಿ ಅವಳ ಮುಖ ನೋಡಿದ. “ಶಿವರಾಮಣ್ಣನ್ನ ಒಂದ್ ಮಾತು ಕೇಳ್ಬುಟ್ಟು ನೋಡನ ಕಣವ್ವ,” ಎಂದ.