ಸಾಕ್ಷಿ ಹೇಳಲು ಬಂದವನು

ಮಂಗಳ ಗ್ರಹದಲ್ಲಿ ವಿಚ್ಛೇದನದ ದಿನವೇ ನೆನಪು ಅಳಿಸುವುದು ವಾಡಿಕೆ. ಗಂಡ ಯೋಗೀಶ ಮತ್ತೆ ಬಂದು ಬಾಗಿಲು ಬಡಿಯಬಾರದೆಂದು ಸುಗುಣಾ ಹಟ ಹಿಡಿದು ಅವನ ತಲೆಯಿಂದ ತನ್ನನ್ನು ಪೂರ್ತಿ ಅಳಿಸಿ ಹಾಕಿಸಿದ್ದಳು.

ಮದುವೆಯಿಂದ ಸಿಕ್ಕ ವಾಸದ ಪರವಾನಗಿ ಉಳಿಯಬೇಕಾದರೆ, ಅದು ನಿಜವಾದ ಮದುವೆಯಾಗಿತ್ತೆಂದು ಅವನೇ ಬಂದು ಹೇಳಬೇಕು ಎಂಬುದು ಅವಳಿಗೆ ಗೊತ್ತಾದದ್ದು ಆಮೇಲೆ.

ವಲಸೆ ಕಚೇರಿಯಲ್ಲಿ ಯೋಗೀಶ ಎಂದಿನಂತೆ ಅಂಗಿಯ ಗುಂಡಿ ತಪ್ಪಾಗಿ ಹಾಕಿಕೊಂಡು ಕೂತಿದ್ದ.

"ಇವರ ಜೊತೆ ಎಂಟು ವರ್ಷ ಸಂಸಾರ ಮಾಡಿದ್ರಾ?" ಎದುರು ನಿಂತಿದ್ದ ಸುಗುಣಾಳನ್ನು ತೋರಿಸಿ ಅಧಿಕಾರಿ ಕೇಳಿದರು.

ಅವನು ಅವಳ ಮುಖವನ್ನು ತುಂಬಾ ಹೊತ್ತು ನೋಡಿದ. "ಗೊತ್ತಿಲ್ಲ ಸರ್. ನಾನು ಇವರನ್ನ ನೋಡ್ತಿರೋದೇ ಇವತ್ತು."

ಅಧಿಕಾರಿ ಭೂಮಿಗೆ ವಾಪಸ್ ಹೋಗುವ ಟಿಕೆಟ್ ತೆಗೆದು ಅವಳ ಮುಂದಿಟ್ಟರು. ಸುಗುಣಾ ಮೇಜಿನ ಅಂಚು ಹಿಡಿದುಕೊಂಡಿದ್ದನ್ನು ಕಂಡು ಯೋಗೀಶ ಎದ್ದು ತನ್ನ ಕುರ್ಚಿ ಬಿಟ್ಟುಕೊಟ್ಟ.

"ಕೂತ್ಕೊಳ್ಳಿ ಮೇಡಂ. ಇಲ್ಲಿ ನಿಮ್ಮವರು ಅಂತ ಯಾರೂ ಇಲ್ವಾ?"