ಕೆಂಪು ಹಗ್ಗ

ಗಂಡ ಕಟ್ಟಡದ ಸಾರುವೆಯಿಂದ ಬಿದ್ದು ಸತ್ತ ಮೇಲೂ ಹುಲಿಗೆಮ್ಮ ಅದೇ ಕಟ್ಟಡದಲ್ಲಿ ಬುಟ್ಟಿ ಹೊರುತ್ತಿದ್ದಳು. ಹೊಟ್ಟೆಪಾಡು ಪಾಪ, ಎಂದು ಜೊತೆಯವರು ಮರುಗುತ್ತಿದ್ದರು. “ಹೆಲ್ಮೆಟ್ ಹಾಕಿರ್ಲಿಲ್ಲ, ತಪ್ಪು ಅವನದೇ” ಎಂದು ಗುತ್ತಿಗೆದಾರ ಅಂದೇ ಕೈತೊಳೆದುಕೊಂಡಿದ್ದ. ಅವಳು ಹಲ್ಲು ಕಚ್ಚಿಕೊಂಡು ಕಾಯುತ್ತಿದ್ದಳು.

ತಾರಸಿ ಹಾಕುವ ದಿನ ಕಾರ್ಮಿಕ ಇಲಾಖೆಯ ಅಧಿಕಾರಿ ಬಂದರು. ಗುತ್ತಿಗೆದಾರ ಫೋಟೋಕ್ಕೆಂದು ಕ್ರಾಪು ತೀಡಿಕೊಂಡು ಪಕ್ಕದಲ್ಲಿ ನಿಂತ.

“ಇದು ಲೀನ್ ಪದ್ಧತಿ ಮೇಡಂ. ದಂಡದ ಕೆಲಸ ಇರಬಾರದು, ಅಪಾಯಾನೂ ಇರಬಾರದು. ಅಪಾಯ ಕಂಡವರು ಯಾರೇ ಆಗ್ಲಿ, ಈ ಕೆಂಪು ಹಗ್ಗ ಎಳೆದ್ರೆ ಕೆಲಸ ನಿಲ್ಲುತ್ತೆ. ಎಳೆದವರು ಹೂಂ ಅನ್ನೋವರೆಗೂ ನಾನೂ ಶುರು ಮಾಡೋ ಹಾಗಿಲ್ಲ.”

ಹುಲಿಗೆಮ್ಮ ಬುಟ್ಟಿ ಹೊತ್ತೇ ಬಂದು ಹಗ್ಗ ಜಗ್ಗಿದಳು. ಗಂಟೆ ಹೊಡೆಯಿತು. ಮಿಕ್ಸರ್ ನಿಂತಿತು. ಅರ್ಧ ತಾರಸಿಗೆ ಸುರಿದಿದ್ದ ಕಾಂಕ್ರೀಟು ಬಿಸಿಲಿಗೆ ಬಿಗಿಯತೊಡಗಿತು.

“ಏನಮ್ಮಾ ಅಪಾಯ?” ಗುತ್ತಿಗೆದಾರ ನಗುತ್ತಲೇ ಕೇಳಿದ. ಕಣ್ಣು ಮಾತ್ರ ಅವಳನ್ನು ಸುಡುತ್ತಿತ್ತು.

“ನಿಮ್ಮ ತಲಿ ಮ್ಯಾಲ ಹೆಲ್ಮೆಟ್ ಇಲ್ರೀ ಸಾಹುಕಾರ್ರ.”

ಅಧಿಕಾರಿ ನಕ್ಕುಬಿಟ್ಟರು. “ಸರಿಯಾಗೇ ಹೇಳಿದಳು. ಹಾಕ್ಕೊಳ್ಳಿ.”

“ಹೋಗು, ಒಂದು ತಗೊಂಬಾ. ಬೇಗ,” ಗುತ್ತಿಗೆದಾರ ಅವಳಿಗೆ ಗದರಿದ.

ಹೋಗುವ ಅಗತ್ಯವಿರಲಿಲ್ಲ. ಹುಲಿಗೆಮ್ಮ ಬುಟ್ಟಿಗೆ ಮುಚ್ಚಿದ್ದ ಅರಿವೆ ಸರಿಸಿದಳು. ನಡುವೆ ಸೀಳಿಹೋಗಿ, ಒಳಗೆಲ್ಲ ರಕ್ತ ಕಪ್ಪುಗಟ್ಟಿದ್ದ ಹಳದಿ ಹೆಲ್ಮೆಟ್ಟನ್ನು ಅಧಿಕಾರಿಯ ಕಣ್ಣೆದುರೇ ಅವನತ್ತ ಚಾಚಿದಳು.

“ಹಾಕ್ಕೋರಿ. ಅವತ್ತ ನನ್ನ ಗಂಡನ ತಲಿಯಿಂದ ತಗದು ನೀವು ಗುಂಡ್ಯಾಗ ಮುಚ್ಚಿಸಿದ್ದು ಇದನ್ನ.”