ಮೀನು ಹುರಿದ ದುಡ್ಡು

“ಹಾಗಾದ್ರೆ ನಮ್ಮ ಚರ್ಚಿನ ಹೆಂಗಸರು ಬೇಸಿಗೆಯಿಡೀ ಮೀನು ಹುರಿದು ಮಾರಿದ್ದು ನಿಮ್ಮ ಕಾಲೇಜಿಗಾ?” ಎಂದು ವರ್ಲೀನ್ ಕೇಳಿದಾಗ, ಕಾಲೇಜಿನ ಶುಲ್ಕ ನೆರವು ವಿಭಾಗದ ಗುಮಾಸ್ತ ಕಂಪ್ಯೂಟರಿನಿಂದ ಕಣ್ಣೆತ್ತಿದ.

“ಹಾಗಲ್ಲ ಮೇಡಂ. ನಿಮ್ಮ ಮೊಮ್ಮಗಳಿಗೆ ಇಷ್ಟು ನೆರವು ಬೇಕು ಅಂತ ಲೆಕ್ಕ ಹಾಕಿರ್ತೀವಿ. ಚರ್ಚಿನ ಸ್ಕಾಲರ್‌ಶಿಪ್ಪು ಎರಡು ಸಾವಿರ ಡಾಲರ್ ಬಂತಲ್ಲ, ಅಷ್ಟನ್ನ ಕಾಲೇಜು ಕೊಡೋದರಲ್ಲಿ ಇಳಿಸ್ತೀವಿ. ನಿಯಮ.”

“ಇಳಿಸೋದಾದ್ರೆ ನನ್ನ ಓದಿನ ಸಾಲದಲ್ಲಿ ಇಳಿಸಿ ಸಾರ್,” ಎಂದಳು ಪಕ್ಕದಲ್ಲಿ ಕೂತಿದ್ದ ಮೊಮ್ಮಗಳು ಕಿಯಾರಾ. ಸಾಲ ಕಡಿಮೆಯಾದರೆ ಕೋಳಿ ಮಾಂಸದ ಕಾರ್ಖಾನೆಯ ವಾರಾಂತ್ಯದ ಕೆಲಸ ಬಿಡಬಹುದೆಂದು ಆಸೆಪಟ್ಟಿದ್ದಳು.

“ಕೆಲವು ಕಾಲೇಜಲ್ಲಿ ಹಾಗೆ ಮಾಡ್ತಾರಮ್ಮ. ಇಲ್ಲಿಲ್ಲ.” ಅವನ ದನಿಯಲ್ಲಿ ದರ್ಪವಿರಲಿಲ್ಲ. ಬೆಳಗಿನಿಂದ ಇದೇ ಮಾತನ್ನು ಹೇಳಿ ಹೇಳಿ ಸೋತಿತ್ತು, ಅಷ್ಟೆ.

ಮಿಸಿಸಿಪ್ಪಿಯ ಧಗೆಗೆ ಕಾರಿನ ಸೀಟು ಕಾದು ಹೋಗಿತ್ತು. ಊರಿನ ದಾರಿಯಲ್ಲಿ ಹತ್ತಿ ಹೊಲಗಳು ಶುರುವಾದಾಗ ಕಿಯಾರಾ ಅಜ್ಜಿಯ ಕಡೆ ತಿರುಗಿದಳು.

“ಭಾನುವಾರ ಚರ್ಚಲ್ಲಿ ಎಲ್ಲಾ ಹೇಳ್ಬಿಡ್ತೀನಿ ಅಜ್ಜಿ.”

“ಸುಮ್ನಿರೇ. ನಮ್ಮ ಚರ್ಚಿನ ಒಡೆಸ್ಸಕ್ಕನ ಊದಿದ ಮಂಡಿ ನೋಡಿದ್ದೀಯಾ? ಅದನ್ನ ಇಟ್ಕೊಂಡು ಮೀನು ಹುರಿಯೋ ಎಣ್ಣೆ ಮುಂದೆ ನಿಂತಿದ್ಲು ಕಣೇ, ಪ್ರತಿ ಶನಿವಾರ. ಅವಳಿಗೆ ಏನಂತ ಹೇಳ್ತೀಯ?”

“ಮತ್ತೆ ಸುಳ್ಳು ಸುಳ್ಳೇ ಥ್ಯಾಂಕ್ಸ್ ಹೇಳ್ಲಾ?”

“ಅವರು ಕೊಟ್ಟಿದ್ದು ಸುಳ್ಳಲ್ವಲ್ಲ. ಅದಕ್ಕೆ ಹೇಳು.”

ಭಾನುವಾರ ಕಿಯಾರಾ ಎಲ್ಲರ ಮುಂದೆ ನಿಂತಳು. “ನಿಮ್ಮ ಋಣ ನಾನು ಮರೆಯಲ್ಲ” ಎನ್ನುತ್ತಲೇ ಅತ್ತುಬಿಟ್ಟಳು. ಹುಡುಗಿಗೆ ಸಂತೋಷ ತಡೆಯಲಾಗಲಿಲ್ಲವೆಂದುಕೊಂಡು ಬಿಳಿ ಟೋಪಿ ತೊಟ್ಟ ಚರ್ಚಿನ ಹಿರಿಯ ಹೆಂಗಸರೆಲ್ಲ ಕಣ್ಣೊರೆಸಿಕೊಂಡರು. “ಆಮೆನ್! ಹೇಳು ಮಗಳೇ!” ಎಂದು ಹಿಂದಿನಿಂದ ಯಾರೋ ಕೂಗಿದರು. ವರ್ಲೀನ್ ಮಾತ್ರ ತಲೆ ತಗ್ಗಿಸಿ ತನ್ನ ಕೈಚೀಲದ ಗುಂಡಿಯನ್ನು ಹಾಕಿ ತೆಗೆದು ಮಾಡುತ್ತಿದ್ದಳು.

ಪ್ರಾರ್ಥನೆ ಮುಗಿದ ಮೇಲೆ ಒಡೆಸ್ಸಾ ಜನರನ್ನು ಸರಿಸಿಕೊಂಡು ಬಂದು ವರ್ಲೀನಳನ್ನು ಬಿಗಿಯಾಗಿ ಅಪ್ಪಿಕೊಂಡಳು. ಅವಳ ಮುಖ ಅರಳಿತ್ತು.

“ನೋಡ್ದೇನೇ ವರ್ಲೀನ್, ನಮ್ಮ ಹುಡುಗಿಯ ಭಾರ ಒಂದಿಷ್ಟು ಇಳೀತು! ಮುಂದಿನ ವರ್ಷ ಇದರ ಎರಡರಷ್ಟು ಕೂಡಿಸೋಣ.”

ವರ್ಲೀನ್ ಬೆಂಚಿನ ಅಂಚನ್ನು ಹಿಡಿದುಕೊಂಡಳು.

“ಕೂಡಿಸೋಣ ಅಕ್ಕ,” ಎಂದಳು.